ಒಂದೇ ನೆಟ್‌ವರ್ಕ್, ಎರಡು ಡಿಎಚ್‌ಸಿಪಿ: ಗಂಗಾವತಿಯ ಗಿರಣಿಯಲ್ಲಿ ಸರಿಪಡಿಸಿದ್ದು

ಗಂಗಾವತಿಯಲ್ಲಿ ಭತ್ತದ ಸುಗ್ಗಿ ಅಂದರೆ ಗಿರಣಿ ಮುಂದೆ ಲಾರಿಗಳ ಸಾಲು. ಅಂಥ ಹೊತ್ತಲ್ಲೇ ತೂಕದ ಕಂಪ್ಯೂಟರಿಗೆ ಬಿಲ್ ಪ್ರಿಂಟರ್ ಸಿಗದಂತಾಯಿತು. ರೀಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಸರಿಹೋಗುತ್ತಿತ್ತು. ಸುಳಿವು ಸಿಕ್ಕಿದ್ದೇ ಅದರಿಂದ.

ನೆಟ್‌ವರ್ಕ್‌ಗೆ ಹೊಸದಾಗಿ ಸೇರುವ ಸಾಧನಕ್ಕೆ ವಿಳಾಸ ಇರುವುದಿಲ್ಲ. ‘ವಿಳಾಸ ಕೊಡೋರು ಯಾರಿದ್ದೀರಿ?’ ಅಂತ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಆಗ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿ ಸರ್ವರ್ (ಸಾಮಾನ್ಯವಾಗಿ ರೌಟರ್) ಒಂದು ವಿಳಾಸ ಮುಂದಿಡುತ್ತದೆ, ಸಾಧನ ಅದನ್ನೇ ಕೇಳುತ್ತದೆ, ಸರ್ವರ್ ಖಚಿತಪಡಿಸುತ್ತದೆ. ಯಾರೂ ಉತ್ತರಿಸದಿದ್ದರೆ ವಿಂಡೋಸ್ ತಾನೇ 169.254ರಿಂದ ಶುರುವಾಗುವ ವಿಳಾಸ ಹಾಕಿಕೊಳ್ಳುತ್ತದೆ. ಇಬ್ಬರು ಉತ್ತರಿಸಿದರೆ? ಸಾಮಾನ್ಯವಾಗಿ ಮೊದಲು ಬಂದ ಮಾತೇ ನಡೆಯುತ್ತದೆ. ಇಲ್ಲಿ ಆಗುತ್ತಿದ್ದದ್ದು ಅದೇ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್ /ಆಲ್’ ಕೊಟ್ಟು ಡಿಎಚ್‌ಸಿಪಿ ಸರ್ವರ್ ಸಾಲು ನೋಡಿದೆ. ಮುಖ್ಯ ರೌಟರ್ 192.168.1.1, ಅಲ್ಲಿದ್ದದ್ದು 192.168.0.1! ಗೋದಾಮಿನ ವೈಫೈಗೆಂದು ಲ್ಯಾನ್ ಪೋರ್ಟಿನಲ್ಲಿ ಜೋಡಿಸಿದ್ದ ಹೊಸ ರೌಟರ್ ಕೂಡ ವಿಳಾಸ ಹಂಚುತ್ತಿತ್ತು. ಪ್ರಿಂಟರ್ ಒಂದು ವಿಳಾಸ ಸರಣಿಯಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ; ಹಾಗಾಗಿ ಒಂದಕ್ಕೊಂದು ಸಿಗುತ್ತಿರಲಿಲ್ಲ.

ಹೊಸ ರೌಟರಿನ ಡಿಎಚ್‌ಸಿಪಿ ಆಫ್ ಮಾಡಿ 192.168.1.2 ಅಂತ ಸ್ಥಿರ ವಿಳಾಸ ಕೊಟ್ಟೆ. ಅದಕ್ಕೆ ಡಿಕ್ಕಿಯಾಗದಂತೆ, ಮುಖ್ಯ ರೌಟರ್ ಹಂಚುವ ವಿಳಾಸಗಳ ಕೊನೆಯ ಸಂಖ್ಯೆಯನ್ನು 100ರ ಮೇಲಿಟ್ಟೆ. ಹಳೆಯ ಲೀಸ್ (ವಿಳಾಸ ಕೊಟ್ಟಿರುವ ಅವಧಿ) ಮುಗಿಯಲೆಂದು ಕಾಯಬೇಕಿಲ್ಲ: ‘ಐಪಿಕಾನ್ಫಿಗ್ /ರಿಲೀಸ್’, ಆಮೇಲೆ ‘ಐಪಿಕಾನ್ಫಿಗ್ /ರಿನ್ಯೂ’. ಪ್ರಿಂಟರಿಗೆ ಅದರ ಮ್ಯಾಕ್ ವಿಳಾಸದ (ಸಾಧನದ ಸ್ವಂತ ಗುರುತಿನ ಸಂಖ್ಯೆ) ಮೇಲೆ ರಿಸರ್ವೇಶನ್ ಹಾಕಿದ್ದೇನೆ, ಅಂದರೆ ಯಾವಾಗಲೂ ಅದೇ ವಿಳಾಸ ಸಿಗುತ್ತದೆ; ಗಿರಣಿ, ಅಂಗಡಿ ಎಲ್ಲೇ ಇರಲಿ, ಪ್ರಿಂಟರ್ ಇದ್ದಲ್ಲಿ ಇದನ್ನು ದಯವಿಟ್ಟು ಮಾಡಿ.