ಬಾಣಂತಿಗಿಂತ ಮೊದಲು ಅಜ್ಜಿ ಹತ್ರ ಕೂತ್ಕೋಬೇಕು: ಆಶಾ ಕೆಲಸದಲ್ಲಿ ನನ್ನ ಅನುಭವ

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳೀಲಿ ಆಶಾ ಕಾರ್ಯಕರ್ತೆ. ಆಸ್ಪತ್ರೇಲಿ ಹುಟ್ಟಿ ಮನೆಗೆ ಬಂದ ಮಗೂನ 3, 7, 14, 21, 28, 42ನೇ ದಿನ ಹೋಗಿ ನೋಡ್ತೀವಿ, ತೂಕ, ಟೆಂಪರೇಚರ್, ಹೊಕ್ಕಳು ಎಲ್ಲಾ. ಮಗು ನಿದ್ದೇಲೇ ಉಸಿರು ನಿಂತು ಹೋಗದ ಹಾಗೆ ಹೇಗೆ ಮಲಗಿಸ್ಬೇಕು ಅನ್ನೋ ವಿಷ್ಯ ಮಾತ್ರ ಮೊದಮೊದಲು ಬಾಣಂತಿಗೆ "ಅಂಗಾತ ಮಲಗಿಸಮ್ಮ" ಅಂತ ಒಂದು ಮಾತು ಹೇಳಿ ಬಂದ್ಬಿಡ್ತಿದ್ದೆ, ಅವಳು "ಹೂಂ ಅಕ್ಕ" ಅಂತಿದ್ಲು.

ಒಂದು ಮಳೆಗಾಲ, 14ನೇ ದಿನ ಅಂತ ಒಂದು ಮನೆಗೆ ಹೋದೆ. ಕಿಟಕಿ ಮುಚ್ಚಿದ ಕೋಣೆ, ಮೂಲೇಲಿ ಕೆಂಡ, ಸಾಂಬ್ರಾಣಿ ಹೊಗೆ, ಮಗು ಸಾಸಿವೆ ದಿಂಬಿನ ಮೇಲೆ ಮಲಗಿದೆ, ಮುಖದ ಮೇಲೂ ಕಂಬಳಿ. ತೆಗೆದು ನೋಡಿದ್ರೆ ಮುಖ ಕೆಂಪಗಾಗಿದೆ, ಕತ್ತಿನ ಹಿಂದೆ ಬೆವರು, ದಿಂಬು ಎತ್ತರ ಆಗಿ ಗದ್ದ ಎದೆಗೆ ಒತ್ಕೊಂಡಿದೆ. ನನ್ನ ಕೈ ನಡುಗೋಯ್ತು. ಬಾಣಂತಿನ ಕೇಳಿದ್ರೆ "ಅಮ್ಮ ಮಲಗಿಸಿದ್ದು ಅಕ್ಕ" ಅಂದ್ಲು. ಬಾಣಂತನದ ಮನೇಲಿ ಮಗು ಮಲಗಿಸೋದು ಅಜ್ಜಿ, ನಾನು ಇಷ್ಟು ದಿನ ಹೇಳ್ತಾ ಇದ್ದಿದ್ದು ಬೇರೆಯವ್ರಿಗೆ ಅಂತ ಅವತ್ತು ಗೊತ್ತಾಯ್ತು.

ಅಜ್ಜಿದೂ ತಪ್ಪಲ್ಲ, ಮಗೂಗೆ ಥಂಡಿ ಆಗಬಾರ್ದು, ತಲೆ ದುಂಡಗಾಗ್ಲಿ ಅನ್ನೋದೇ ಅವರ ಆಸೆ. ಅವರು ಕೇಳಿದ್ದು ಒಂದೇ, "ಅಂಗಾತ ಮಲಗ್ಸುದ್ರೆ ಕಕ್ಕಿದ ಹಾಲು ನೆತ್ತಿಗೆ ಹತ್ತಲ್ವೇನವ್ವ?" ನಂಗೆ ಅವತ್ತು ಸರಿಯಾಗಿ ಉತ್ತರ ಬರ್ಲಿಲ್ಲ. ಪಿಎಚ್‌ಸಿ ಮೀಟಿಂಗಲ್ಲಿ ಡಾಕ್ಟ್ರನ್ನ ಕೇಳಿ ತಿಳ್ಕೊಂಡೆ, ಆಮೇಲೆ ಡ್ರಿಪ್ ಪೈಪಿನ ಎರಡು ತುಂಡು ರಬ್ಬರ್ ಬ್ಯಾಂಡ್ ಹಾಕಿ ಜೋಡಿಸ್ಕೊಂಡು ಮತ್ತೆ ಹೋದೆ. ಒಂದು ಉಸಿರಿಂದು, ಒಂದು ಹಾಲಿಂದು. ಮಗು ಅಂಗಾತ ಇದ್ದಾಗ ಉಸಿರಿನ ಪೈಪು ಮೇಲಿರುತ್ತೆ, ಹಾಲಿನ ಪೈಪು ಕೆಳಗೆ, ಕಕ್ಕಿದ್ದು ಮೇಲೇರಿ ಉಸಿರಿನ ಪೈಪಿಗೆ ಹೋಗೋದು ಕಷ್ಟ, ಬೋರಲು ಹಾಕಿದ್ರೆ ತಿರುಗಾಮುರುಗಾ. ಅಜ್ಜಿ ಪೈಪು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ "ನೀರು ಏರು ಹತ್ತಲ್ಲ ಬಿಡು" ಅಂದ್ರು. ಆ ತುಂಡುಗಳು ಇವತ್ತಿಗೂ ನನ್ನ ಬ್ಯಾಗಲ್ಲಿವೆ.

ಬೋರಲು ಮಲಗಿದ್ರೆ ಮಗು ಜಾಸ್ತಿ ಹೊತ್ತು ನಿದ್ದೆ ಮಾಡುತ್ತೆ ಅಂತಾರೆ, ನಿಜಾನೇ, ಆದ್ರೆ ಉಸಿರಿಗೆ ತೊಂದರೆ ಆದಾಗ ಎಚ್ಚರ ಆಗದಷ್ಟು ಗಾಢ ನಿದ್ದೆ ಅದು, ಅಪಾಯ ಇರೋದೇ ಅಲ್ಲಿ. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿ ಅಂತ ಪ್ರಚಾರ ಮಾಡಿದ್ಮೇಲೆ ನಿದ್ದೇಲೇ ಹೋಗ್ತಿದ್ದ ಮಕ್ಕಳ ಸಂಖ್ಯೆ ಕೆಲವೇ ವರ್ಷದಲ್ಲಿ ಅರ್ಧದಷ್ಟು ಇಳೀತು ಅಂತ ಡಾಕ್ಟ್ರೇ ಹೇಳಿದ್ರು.

ಈಗ ನಾನು ಹೋದ ತಕ್ಷಣ ಅಜ್ಜಿ ಪಕ್ಕ ಕೂತ್ಕೋತೀನಿ. ಯಾವುದನ್ನೂ ಬರೀ ಬೇಡ ಅನ್ನಲ್ಲ. ತಲೆ ಚಪ್ಪಟೆ ಆಗುತ್ತೆ ಅಂದ್ರೆ, ಇವತ್ತು ಮುಖ ಬಲಕ್ಕೆ, ನಾಳೆ ಎಡಕ್ಕೆ ತಿರುಗಿಸಿ ಅಜ್ಜಿ, ಎಚ್ಚರ ಇದ್ದಾಗ ನಿಮ್ಮ ಕಣ್ಣೆದುರಿಗೇ ಸ್ವಲ್ಪ ಹೊತ್ತು ಬೋರಲು ಹಾಕಿ ಅಂತೀನಿ. ಥಂಡಿ ಅಂದ್ರೆ ಹೊಟ್ಟೆ, ಪಾದ ಮುಟ್ಟಿ ನೋಡಿಸ್ತೀನಿ, ಬೆಚ್ಚಗಿದ್ರೆ ಸಾಕು, ಬೇಕಾದ್ರೆ ಇನ್ನೊಂದು ಅಂಗಿ ಹಾಕಿ, ಕಂಬಳಿ ಬೇಡ. ಹೊಗೆ ಬದಲು ಮೆತ್ತನೆ ಬಟ್ಟೇಲಿ ತಲೆ ಒರೆಸಿ. ಸೀರೆ ಜೋಲೀಲಿ ತೂಗ್ಲಿ, ಆದ್ರೆ ಅದ್ರಲ್ಲಿ ಮಗು ಮುದುರಿ ಗದ್ದ ಎದೆಗೆ ತಾಗುತ್ತೆ, ಹಾಗಾಗಿ ನಿದ್ದೆ ಹತ್ತಿದ ಕೂಡ್ಲೇ ತೆಗೆದು ತಾಯಿ ಪಕ್ಕ, ಕೈಗೆ ಸಿಗೋ ದೂರದಲ್ಲಿ, ಗಟ್ಟಿ ಚಾಪೆ ಮೇಲೆ ಬೇರೆ ಮಲಗಿಸ್ಬೇಕು. ಬೀಡಿ ಸೇದೋರು, ಕುಡಿದೋರು ಮಗು ಪಕ್ಕ ಮಲಗೋದೇ ಬೇಡ, ಇದೊಂದ್ರಲ್ಲಿ ಮಾತ್ರ ನಾನು ಖಡಕ್ಕು. ತೂಕ ಎರಡೂವರೆ ಕೆಜಿಗಿಂತ ಕಮ್ಮಿ ಇದ್ರೆ, ದಿನ ತುಂಬದೆ ಹುಟ್ಟಿದ್ರೆ ಇನ್ನೂ ಹುಷಾರಾಗಿರ್ಬೇಕು.

ನನ್ನ ದೊಡ್ಡ ಚಿಂತೆ ಅಂದ್ರೆ, ನಮ್ಮ ಭೇಟಿ 42ನೇ ದಿನಕ್ಕೆ ನಿಲ್ಲುತ್ತೆ, ಮತ್ತೆ ಹೋಗೋದು ಮೂರನೇ ತಿಂಗಳಿಗೆ, ಆದ್ರೆ ನಿದ್ದೇಲೇ ಜೀವ ಹೋಗೋದು ಜಾಸ್ತಿ ಎರಡರಿಂದ ನಾಲ್ಕು ತಿಂಗಳ ಮಕ್ಕಳಿಗೆ. ಅದೇ ಸಮಯಕ್ಕೆ ಬಾಣಂತಿ ಗಂಡನ ಮನೆಗೆ ಹೊರಡ್ತಾಳೆ, ಅಲ್ಲಿ ಇನ್ನೊಬ್ಬ ಅಜ್ಜಿ, ಇನ್ನೊಂದು ದಿಂಬು. ಅದಕ್ಕೆ 6, 10, 14 ವಾರದ ಇಂಜೆಕ್ಷನ್‌ಗೆ ಬಂದಾಗೆಲ್ಲ ಎಲ್ಲಿ, ಹೇಗೆ ಮಲಗಿಸ್ತೀರಿ ಅಂತ ಕೇಳ್ತೀನಿ, ಹೊರಡೋ ಮುಂಚೆ ಬೀಗಿತ್ತಿಗೆ ನೀವೇ ಹೇಳಿ ಅಂತ ಅಜ್ಜಿಗೆ ಜವಾಬ್ದಾರಿ ಕೊಡ್ತೀನಿ.

ಆ ಕಂಬಳಿ ಮಗೂನ ತಾಯಿಯ ಗಂಡನ ಮನೆ ನಮ್ಮ ಸಬ್‌ಸೆಂಟರ್‌ಗೇ ಸೇರಿದ ಪಕ್ಕದ ಹಟ್ಟಿ. 14ನೇ ವಾರದ ಇಂಜೆಕ್ಷನ್‌ಗೆ ಆ ಮನೆ ಅಜ್ಜಿನೇ ಎತ್ಕೊಂಡು ಬಂದಿದ್ರು. ನಾನು ಕೇಳೋ ಮುಂಚೇನೇ "ದಿಂಬು ಇಕ್ಕಿಲ್ಲ ಕಣವ್ವ, ಬೀಗಿತ್ತಿ ಪೈಪಿನ ಕತೆ ಎಲ್ಲಾ ಹೇಳವ್ರೆ" ಅಂದ್ರು.