ಕೂಲಂಟ್ ಖಾಲಿಯಾದರೆ ಗೇಜ್ ಹೇಳುವುದಿಲ್ಲ: ಕ್ಯಾಂಪರ್ ವ್ಯಾನಿಗೆ ಲೋ ಲೆವೆಲ್ ಅಲಾರಂ

ಇಂಜಿನ್ ಹೀಟ್ ಆದರೆ ಟೆಂಪರೇಚರ್ ಗೇಜಿನ ಮುಳ್ಳು ಮೇಲೆ ಹೋಗುತ್ತದೆ, ಆಗ ನಿಲ್ಲಿಸಿದರಾಯಿತು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಕೂಲಂಟ್, ಅಂದರೆ ಇಂಜಿನ್ನನ್ನು ತಣ್ಣಗಿಡುವ ದ್ರವ, ಇರುವವರೆಗೆ ಅದು ಸರಿ. ಆದರೆ ಗೇಜಿನ ಸೆನ್ಸರ್ ಅಳೆಯುವುದು ತನಗೆ ತಾಗಿಕೊಂಡಿರುವ ಕೂಲಂಟಿನ ಬಿಸಿಯನ್ನು. ಹೋಸ್ ಒಡೆದು ಕೂಲಂಟೆಲ್ಲ ರಸ್ತೆಗೆ ಹೋಯಿತು ಅಂದರೆ ಸೆನ್ಸರ್ ಸುತ್ತ ಉಳಿಯುವುದು ಬರೀ ಗಾಳಿ, ಹಬೆ. ಮುಳ್ಳು ಮಧ್ಯದಲ್ಲೇ ನಿಂತಿರಬಹುದು, ಕೆಲವೊಮ್ಮೆ ಕೆಳಗೂ ಇಳಿಯುತ್ತದೆ, ಅಷ್ಟರಲ್ಲಿ ಇಂಜಿನ್ನಿನ ಮೇಲ್ಭಾಗದ ಲೋಹದ ಭಾಗ, ಅಂದರೆ ಸಿಲಿಂಡರ್ ಹೆಡ್, ಸೊಟ್ಟಗಾಗುತ್ತಿರುತ್ತದೆ. ಅದರ ಮೇಲೆ, ಎಷ್ಟೋ ಗಾಡಿಗಳಲ್ಲಿ ಬಿಸಿ ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಮ್ಮಿಯಾದರೂ ಮುಳ್ಳು ಅಲ್ಲಾಡದ ಹಾಗೆ ಕಂಪನಿಯವರೇ ಮಾಡಿರುತ್ತಾರೆ. ಹಾಗಾಗಿ ಮೊದಲು ಗೊತ್ತಾಗಬೇಕಾದದ್ದು ಕೂಲಂಟಿನ ಲೆವೆಲ್. ಬಿಸಿಯ ವಿಷಯ ಆಮೇಲೆ.

ಒಳಗೇ ಮಲಗಲು, ಇರಲು ವ್ಯವಸ್ಥೆ ಇರುವ ಕ್ಯಾಂಪರ್ ವ್ಯಾನಿಗೆ ಈ ತೊಂದರೆ ಕಾರಿಗಿಂತ ಜಾಸ್ತಿ. ಗಾಡಿ ಭಾರ, ಏರಿನಲ್ಲಿ ಇಂಜಿನ್ ಒದ್ದಾಡುತ್ತದೆ. ಎಷ್ಟೋ ಗಾಡಿಗಳು ತಿಂಗಳುಗಟ್ಟಲೆ ನಿಂತಿದ್ದು ಒಮ್ಮೆಲೇ ಉದ್ದದ ಪ್ರಯಾಣಕ್ಕೆ ಹೊರಡುತ್ತವೆ. ಹಿಂದಿನ ಸೀಟಿಗೊಂದು ಹೀಟರ್, ಇಂಜಿನ್ ಬಿಸಿಯಲ್ಲೇ ಸ್ನಾನದ ನೀರು ಕಾಯಿಸುವ ಟ್ಯಾಂಕು ಅಂತ ಹಾಕಿಸಿಕೊಂಡಿದ್ದರೆ ಅಷ್ಟೂ ಹೆಚ್ಚುವರಿ ಹೋಸು, ಅಷ್ಟೂ ಹೆಚ್ಚುವರಿ ಜಾಯಿಂಟು. ಫೋಕ್ಸ್‌ವ್ಯಾಗನ್ ಟಿ3 ತರಹದ ಹಳೆ ವ್ಯಾನುಗಳಲ್ಲಂತೂ ಇಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ಗಾಡಿಯ ಹೊಟ್ಟೆಯಡಿ ಉದ್ದಕ್ಕೂ ಪೈಪು. ಹಿಂದೆ ಲೀಕ್ ಆದರೆ ಡ್ರೈವರ್ ಸೀಟಿಗೆ ಹಬೆಯೂ ಕಾಣುವುದಿಲ್ಲ, ವಾಸನೆಯೂ ಬರುವುದಿಲ್ಲ.

ಅಲಾರಂ ಹಾಕುವ ಮುಂಚೆ ಸಿಸ್ಟಂ ಸರಿ ಮಾಡಿಕೊಳ್ಳಿ. ಸೋರುವ ಗಾಡಿಗೆ ಅಲಾರಂ ಹಾಕಿದರೆ ಅದು ಸುಮ್ನೆ ಕೂಗುತ್ತಲೇ ಇರುತ್ತದೆ, ನೀವು ವೈರ್ ಕಿತ್ತುಹಾಕುತ್ತೀರಿ.

ಇಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ಹೋಸುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಂಡಿ ನೋಡಿ. ಮೆತ್ತಗಾಗಿದೆಯಾ, ಉಬ್ಬಿದೆಯಾ, ಒಳಗೆ ಚರಚರ ಅನ್ನುತ್ತದೆಯಾ? ಕ್ಲಾಂಪಿನ ಪಕ್ಕದಲ್ಲೇ ಹೋಸನ್ನು ಬಗ್ಗಿಸಿ ನೋಡಿ, ಬಿರುಕು ಮೊದಲು ಕಾಣುವುದು ಅಲ್ಲೇ. ಒಣಗಿದ ಬಿಳಿ, ಹಸಿರು ಅಥವಾ ಗುಲಾಬಿ ಪುಡಿಯ ಕಲೆ ಇದ್ದರೆ ಅಲ್ಲಿ ಲೀಕ್ ಇದೆ ಅಂತಲೇ ಅರ್ಥ, ನೆಲದ ಮೇಲೆ ಒಂದು ಹನಿ ಬೀಳದಿದ್ದರೂ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅದರಿಂದ ಕೂಲಂಟ್ ಇಳಿದ ಗುರುತಿದ್ದರೆ ಒಳಗಿನ ಸೀಲ್ ಹೋಗಿದೆ. ಆ ತೂತನ್ನು ಮಾತ್ರ ಮುಚ್ಚಬೇಡಿ. ಸೀಲ್ ಹೋದದ್ದು ಹೊರಗೆ ಗೊತ್ತಾಗಲಿ ಅಂತಲೇ ಅದನ್ನು ಇಟ್ಟಿರುವುದು.

ಕೂಲಂಟ್ ತುಂಬಿಸುವ ಬಾಯಿಯ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಎಥಿಲೀನ್ ಗ್ಲೈಕಾಲ್ ಕೂಲಂಟ್ ಮತ್ತು ನೀರು ಅರ್ಧಕ್ಕರ್ಧ ಬೆರೆಸಿದರೆ ಅದು ಒತ್ತಡವಿಲ್ಲದೆ ತೆರೆದಿರುವಾಗ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. 15 ಪಿಎಸ್‌ಐ ಒತ್ತಡ ತಡೆಯುವ ಮುಚ್ಚಳ ಹಾಕಿದರೆ 130ರ ಹತ್ತಿರ ಹೋಗುವವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಆ 20 ಡಿಗ್ರಿಯಷ್ಟು ರಕ್ಷಣೆ ಹೋಯಿತು. ಹೊಸ ಮುಚ್ಚಳ ಹಾಕಿ, ಆದರೆ ಗಾಡಿಗೆ ಹೇಳಿದ ಒತ್ತಡದ್ದೇ ಇರಲಿ. ಜಾಸ್ತಿ ಒತ್ತಡದ್ದು ಹಾಕಿದರೆ ಹಳೆ ಹೋಸು ಒಡೆಯುತ್ತದೆ.

ಕೂಲಂಟಿನ ಬಣ್ಣ ನೋಡಿ ಬೆರೆಸಬೇಡಿ. ಒಂದೇ ಬಣ್ಣದಲ್ಲಿ ಬೇರೆ ಬೇರೆ ಕೆಮಿಸ್ಟ್ರಿಯ ಕೂಲಂಟ್ ಸಿಗುತ್ತದೆ, ಡಬ್ಬಿಯ ಮೇಲಿನ ಸ್ಪೆಸಿಫಿಕೇಷನ್ ಓದಿ. ಹಳೆ ಕಾಲದ ಮಾದರಿಯದನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಲಾಂಗ್ ಲೈಫ್ ಅನ್ನುವುದು ಸಾಮಾನ್ಯವಾಗಿ ಐದು ವರ್ಷ ಬರುತ್ತದೆ. ಬೆರೆಸಲು ಡಿಸ್ಟಿಲ್ಡ್ ವಾಟರ್ ಇರಲಿ. ತೆಗೆದ ಹಳೆ ಕೂಲಂಟನ್ನು ಚರಂಡಿಗೆ ಸುರಿಯಬೇಡಿ, ತೆರೆದ ಪಾತ್ರೆಯಲ್ಲೂ ಇಡಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ತುಂಬಿಸುವಾಗ ಗಾಳಿ ತೆಗೆಯುವುದೇ ದೊಡ್ಡ ಕೆಲಸ, ಪೈಪ್ ಉದ್ದವಿದ್ದಷ್ಟೂ ಕಷ್ಟ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ರೇಡಿಯೇಟರ್ ಕಡೆಯನ್ನು ಎತ್ತರದಲ್ಲಿ ನಿಲ್ಲಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಕೂಲಂಟ್ ಒಂದೇ ಸಮ ಬರುವವರೆಗೆ ನಿಧಾನಕ್ಕೆ ತುಂಬಿಸುತ್ತಾ ಹೋಗಿ. ಆಮೇಲೆ ಗಾಡಿ ಓಡಿಸಿ, ತಣ್ಣಗಾದ ಮೇಲೆ ಇನ್ನೊಮ್ಮೆ ಲೆವೆಲ್ ನೋಡಿ. ಎಲ್ಲೂ ಲೀಕ್ ಕಾಣದೆ ದಿನಾ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿನಡಿ ಇರುವ ಸೀಲು) ಮೇಲೆ ಅನುಮಾನ ಪಡಬೇಕು. ಮೆಕ್ಯಾನಿಕ್ ಹತ್ತಿರ ಪ್ರೆಷರ್ ಟೆಸ್ಟ್ ಮಾಡಿಸಿ.

ಈಗ ಅಲಾರಂ. ಸೆನ್ಸರ್ ಎಲ್ಲಿ ಕೂರಿಸಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ನಿಮ್ಮ ಕೂಲಂಟಿನ ಪ್ಲಾಸ್ಟಿಕ್ ಟ್ಯಾಂಕ್ ಎಂಥದ್ದು ಅಂತ ಮೊದಲು ನೋಡಿ. ಒತ್ತಡದ ಮುಚ್ಚಳ ಟ್ಯಾಂಕಿನ ಮೇಲೇ ಇದ್ದರೆ ಸೆನ್ಸರ್ ಅದರಲ್ಲೇ ಇರಬಹುದು, ಕನಿಷ್ಠ ಲೆವೆಲ್ ತೋರಿಸುವ ಮಿನ್ ಗೆರೆಗಿಂತ ಸ್ವಲ್ಪ ಕೆಳಗೆ. ತೀರಾ ತಳದಲ್ಲಿಟ್ಟರೆ ಅದು ಕೂಗುವಷ್ಟರಲ್ಲಿ ತಡವಾಗಿರುತ್ತದೆ. ಒತ್ತಡದ ಮುಚ್ಚಳ ರೇಡಿಯೇಟರ್ ಮೇಲಿದ್ದು, ಟ್ಯಾಂಕ್ ಬರೀ ಉಕ್ಕಿದ್ದನ್ನು ಹಿಡಿದಿಡುವ ಬಾಟಲಿಯಾಗಿದ್ದರೆ ಅಲ್ಲಿ ಸೆನ್ಸರ್ ಹಾಕಿ ಉಪಯೋಗವಿಲ್ಲ. ರೇಡಿಯೇಟರ್ ಖಾಲಿಯಾದರೂ ಆ ಬಾಟಲಿ ತುಂಬಿಯೇ ಇರಬಹುದು. ಅಂಥ ಗಾಡಿಯಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ, ಸೆನ್ಸರ್ ಕೂರುವ ಲೋಹದ ಅಡಾಪ್ಟರ್ ಸೇರಿಸಿ.

ಸೆನ್ಸರಿನಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದು, ಕೂಲಂಟ್ ಮೂಲಕ ಕರೆಂಟ್ ಹರಿಯುತ್ತಿದೆಯಾ ಅಂತ ನೋಡುವ ಸ್ಟೀಲ್ ಕಡ್ಡಿ. ಇದು ತನ್ನದೇ ಕಂಟ್ರೋಲ್ ಬಾಕ್ಸ್ ಜೊತೆ ಬರುತ್ತದೆ, ಹೋಸ್ ಅಡಾಪ್ಟರಿಗೆ ಇದೇ ಒಳ್ಳೆಯದು. ಇನ್ನೊಂದು, ಒಳಗೆ ಅಯಸ್ಕಾಂತ ಇರುವ, ಕೂಲಂಟಿನ ಮೇಲೆ ತೇಲುತ್ತಾ ಮೇಲೆ ಕೆಳಗೆ ಆಡುವ ಫ್ಲೋಟ್ ಸ್ವಿಚ್. ಟ್ಯಾಂಕಿಗೆ ನನ್ನ ಆಯ್ಕೆ ಫ್ಲೋಟ್, ಯಾಕಂದರೆ ಅದರಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಬಿಸಿ ಕೂಲಂಟ್ ತಡೆಯುವಂಥದ್ದೇ ತೆಗೆದುಕೊಳ್ಳಿ, ಸಾದಾ ನೀರಿನ ಟ್ಯಾಂಕಿನದ್ದು ಬೇಡ. ಟ್ಯಾಂಕ್ ಬಿಚ್ಚಿ ಹೊರಗೆ ತಂದು ತೂತು ಕೊರೆಯಿರಿ, ಅಂಚು ನುಣುಪು ಮಾಡಿ, ಪ್ಲಾಸ್ಟಿಕ್ ಚೂರು ಒಂದೂ ಉಳಿಯದ ಹಾಗೆ ತೊಳೆಯಿರಿ. ಟ್ಯಾಂಕ್ ಹಳದಿಯಾಗಿ ಗಡುಸಾಗಿದ್ದರೆ ಕೊರೆಯಲೇ ಬೇಡಿ, ಹೊಸದು ತನ್ನಿ. ಕೆಲವು ಗಾಡಿಗೆ ಸೆನ್ಸರ್ ಇರುವ ಟ್ಯಾಂಕೇ ಸಿಗುತ್ತದೆ, ಸಿಕ್ಕರೆ ಕೊರೆಯುವ ಗೋಜೇ ಇಲ್ಲ ಅಲ್ವಾ.

ವೈರಿಂಗ್‌ನಲ್ಲಿ ಒಂದು ಮಾತು ನೆನಪಿಡಿ: ಸೆನ್ಸರಿನ ವೈರ್ ತುಂಡಾದರೂ ಅಲಾರಂ ಕೂಗಬೇಕು. ತುಂಡಾದಾಗ ಸುಮ್ಮನಿರುವ ಅಲಾರಂ ಇದ್ದೂ ಇಲ್ಲದ ಹಾಗೆ. ಇದಕ್ಕೆ ಐದು ಪಿನ್ನಿನ ಸಾಮಾನ್ಯ ರಿಲೇ, ಅಂದರೆ ಕರೆಂಟಿನಿಂದ ಆಡುವ ಸ್ವಿಚ್, ಸಾಕು. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದ ಒಂದು ಸಣ್ಣ ಫ್ಯೂಸ್ ಮೂಲಕ, 2 ಆಂಪ್ ಸಾಕು, 86 ಮತ್ತು 30ನೇ ಪಿನ್ನಿಗೆ ಕೊಡಿ. 85ನೇ ಪಿನ್ನಿನಿಂದ ಫ್ಲೋಟ್ ಸ್ವಿಚ್ಚಿಗೆ, ಅಲ್ಲಿಂದ ಗಾಡಿಯ ಲೋಹದ ಬಾಡಿಗೆ, ಅದೇ ಅರ್ಥ್. 87ಎ ಪಿನ್ನಿನಿಂದ ಬಝರ್ ಮತ್ತು ಕೆಂಪು ಲೈಟ್, ಅವುಗಳ ಇನ್ನೊಂದು ವೈರೂ ಅರ್ಥ್‌ಗೆ. ಟ್ಯಾಂಕ್ ತುಂಬಿರುವಾಗ ಸ್ವಿಚ್ ಕೂಡಿಕೊಂಡಿರಬೇಕು, ಆಗ ರಿಲೇ ಎಳೆದು ಹಿಡಿದಿರುತ್ತದೆ, ಬಝರ್ ಸುಮ್ಮನಿರುತ್ತದೆ. ಲೆವೆಲ್ ಇಳಿದರೂ, ವೈರ್ ಕಿತ್ತರೂ ರಿಲೇ ಬಿಟ್ಟುಬಿಡುತ್ತದೆ, ಬಝರ್ ಕೂಗುತ್ತದೆ. ನಿಮ್ಮ ಸ್ವಿಚ್ ಉಲ್ಟಾ ಕೆಲಸ ಮಾಡಿದರೆ, ಬಹಳಷ್ಟು ಮಾದರಿಗಳಲ್ಲಿ ಫ್ಲೋಟನ್ನು ಕಳಚಿ ತಲೆಕೆಳಗು ಹಾಕಿದರೆ ಸರಿಯಾಗುತ್ತದೆ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಕೇಳಿ ತನ್ನಿ. ಇಲ್ಲದಿದ್ದರೆ ರಿಲೇ ಬಿಡುವಾಗ ಹಾರುವ ಕಿಡಿಗೆ ಫ್ಲೋಟಿನ ಒಳಗಿನ ಸಣ್ಣ ಸ್ವಿಚ್ ಅಂಟಿಕೊಳ್ಳುತ್ತದೆ. ಡಯೋಡ್ ಇದ್ದರೆ ಪ್ಲಸ್ ಮೈನಸ್ ಅದಲುಬದಲಾಗಬಾರದು. ಯಾವ ಪಿನ್ನಿಗೆ ಪ್ಲಸ್ ಅಂತ ರಿಲೇ ಮೇಲಿನ ಚಿತ್ರದಲ್ಲಿರುತ್ತದೆ.

ತಿರುವಿನಲ್ಲಿ ಕೂಲಂಟ್ ತುಳುಕಿ ಬಝರ್ ಒಂದೆರಡು ಸಲ ಕುಂಯ್ ಅಂದರೆ ಗಾಬರಿ ಬೇಡ. ಕಿರಿಕಿರಿ ಆಗುವುದಾದರೆ ಐದಾರು ಸೆಕೆಂಡ್ ತಡಮಾಡುವ ಟೈಮರ್ ರಿಲೇ ಸೇರಿಸಿ. ವೈರಿಗೆ ಸುರುಳಿ ಪೈಪ್ ಹಾಕಿ, ಸೈಲೆನ್ಸರ್ ಪೈಪಿನಿಂದ ದೂರ ತನ್ನಿ, ತಗಡು ದಾಟುವ ಕಡೆ ರಬ್ಬರ್ ಬುಷ್ ಮರೆಯಬೇಡಿ. ಬಝರ್ ಜೋರಾಗಿರಲಿ, ಕಿಟಕಿ ತೆರೆದು ಹಾಡು ಹಾಕಿಕೊಂಡಿದ್ದರೂ ಕೇಳಬೇಕು.

ಟೆಸ್ಟ್ ಎರಡು ಥರ. ಕೀ ಆನ್ ಮಾಡಿ ಸೆನ್ಸರಿನ ಕನೆಕ್ಟರ್ ಕೀಳಿ, ಕೂಗಬೇಕು. ಆಮೇಲೆ ತಣ್ಣಗಿನ ಇಂಜಿನ್ನಿನಲ್ಲಿ ಸಿರಿಂಜ್‌ನಿಂದ ಕೂಲಂಟ್ ಎಳೆದು ನಿಜವಾಗಿಯೂ ಲೆವೆಲ್ ಇಳಿಸಿ ನೋಡಿ. ಫ್ಲೋಟ್ ಕೊಳೆಗೆ ಅಂಟಿಕೊಂಡಿದೆಯಾ ಅನ್ನುವುದು ಎರಡನೆಯದರಲ್ಲೇ ಗೊತ್ತಾಗುವುದು. ವರ್ಷಕ್ಕೊಮ್ಮೆ, ದೊಡ್ಡ ಪ್ರಯಾಣದ ಮುಂಚೆ ಇದನ್ನು ಮಾಡಿ. ಇನ್ನೂ ಧೈರ್ಯ ಬೇಕು ಅಂದರೆ ಸಿಲಿಂಡರ್ ಹೆಡ್ಡಿನ ಒಂದು ಸಣ್ಣ ಬೋಲ್ಟಿನಡಿ ಕೂರುವ ಬಳೆಯಾಕಾರದ ಟೆಂಪರೇಚರ್ ಸೆನ್ಸರ್ ಸಿಗುತ್ತದೆ, ಹೆಡ್ ಬಿಗಿಹಿಡಿಯುವ ಬೋಲ್ಟ್ ಮಾತ್ರ ಮುಟ್ಟಬೇಡಿ. ಇದು ಲೋಹದ ಬಿಸಿಯನ್ನೇ ಅಳೆಯುವುದರಿಂದ ಕೂಲಂಟ್ ಇಲ್ಲದಿದ್ದರೂ ನಿಜ ಹೇಳುತ್ತದೆ.

ಓಡುತ್ತಿರುವಾಗ ಅಲಾರಂ ಬಿಡದೆ ಕೂಗಿದರೆ ಮುಂದಿನ ಊರಿನವರೆಗೆ ಹೋಗೋಣ ಅನ್ನಬೇಡಿ. ಸುರಕ್ಷಿತ ಜಾಗ ಸಿಕ್ಕ ತಕ್ಷಣ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಬಿಸಿ ಗಾಳಿ ಬರುತ್ತಿದ್ದ ಹೀಟರ್ ಇದ್ದಕ್ಕಿದ್ದಂತೆ ತಣ್ಣಗೆ ಬೀಸಿದರೂ ಇದನ್ನೇ ಮಾಡಿ, ಅದೂ ಕೂಲಂಟ್ ಹೋದ ಗುರುತು. ಅರ್ಧ ಮುಕ್ಕಾಲು ಗಂಟೆಯಾದರೂ ಕಾಯಿರಿ, ಮೇಲಿನ ಹೋಸ್ ಹಿಂಡಿದರೆ ಮೆತ್ತಗಿರಬೇಕು, ಆಮೇಲಷ್ಟೇ ದಪ್ಪ ಬಟ್ಟೆ ಹಾಕಿ ಮುಚ್ಚಳ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಬ್ಲಾಕೋ ಹೆಡ್ಡೋ ಸೀಳಬಹುದು. ಕೂಲಂಟ್ ಇಲ್ಲದಿದ್ದರೆ ಸದ್ಯಕ್ಕೆ ಕುಡಿಯುವ ನೀರು ಹಾಕಿ ಹತ್ತಿರದ ಗ್ಯಾರೇಜ್ ಸೇರಿಕೊಳ್ಳಿ. ಲೀಕ್ ಸರಿ ಮಾಡಿಸಿದ ಮೇಲೆ ಪೂರ್ತಿ ಖಾಲಿ ಮಾಡಿ ಮತ್ತೆ ಸರಿಯಾದ ಮಿಶ್ರಣವನ್ನೇ ತುಂಬಿಸಿ.