36ರಿಂದ 48 ವೋಲ್ಟಿಗೆ: ನನ್ನ ಇ-ಸೈಕಲ್‌ನಲ್ಲಿ ಏನು ಬದಲಾಯಿತು, ಏನಿಲ್ಲ

ಹಳೇ ಸೈಕಲ್ಲಿನ ಹಿಂದಿನ ಚಕ್ರಕ್ಕೆ 250 ವ್ಯಾಟ್ ಹಬ್ ಮೋಟರ್ ಕೂರಿಸಿ, 36 ವೋಲ್ಟ್ ಬ್ಯಾಟರಿಯಲ್ಲಿ ಓಡಿಸುತ್ತಿದ್ದೆ. ಮೈಸೂರು ಬಿಡುವಾಗ ಜುಮ್ಮೆಂದು ಹೋಗುವ ಗಾಡಿ ಶ್ರೀರಂಗಪಟ್ಟಣದಿಂದ ವಾಪಸಾಗುವ ಹೊತ್ತಿಗೆ ಸೋತ ಎತ್ತಿನ ಹಾಗೆ ಕಾಲೆಳೆಯುತ್ತಿತ್ತು. 48ಕ್ಕೆ ಹೋಗಿದ್ದು ಅದಕ್ಕೇ, ವೇಗದ ಚಪಲಕ್ಕಲ್ಲ.

36 ಅನ್ನೋದು ಹೆಸರಿಗಷ್ಟೆ. ಹತ್ತು ಸೆಲ್ ಸಾಲಾಗಿ ಜೋಡಿಸಿದ ಪ್ಯಾಕ್ ತುಂಬಿದಾಗ 42 ವೋಲ್ಟ್, ಖಾಲಿಯಾಗುತ್ತಾ ಬಂದಾಗ 33ರ ಆಸುಪಾಸು. ಮೋಟರಿನ ಗರಿಷ್ಠ ವೇಗ ವೋಲ್ಟೇಜಿನ ಜೊತೆಯಲ್ಲೇ ಇಳಿಯುತ್ತೆ. 13 ಸೆಲ್‌ಗಳ 48ರ ಪ್ಯಾಕ್ 54.6ರಿಂದ ಶುರುವಾಗಿ, ಸೊರಗಿದಾಗಲೂ 43ರ ಹತ್ತಿರ ಇರುತ್ತೆ. ಅಂದರೆ ಹಳೇ ಪ್ಯಾಕ್ ತುಂಬಿದ್ದಾಗಿನಷ್ಟು! ಗಂಟೆಗೆ 25 ಕಿ.ಮೀ. ದಾಟಿದರೆ ನೋಂದಣಿ, ಲೈಸೆನ್ಸು ಅಂತ ತಲೆನೋವು. ಹಾಗಾಗಿ ಡಿಸ್‌ಪ್ಲೇಯಲ್ಲಿ ವೇಗಕ್ಕೆ ಮಿತಿ ಹಾಕಿದ್ದೇನೆ. ಆ ವೇಗ ಈಗ ಮನೆ ಮುಟ್ಟುವ ತನಕ ಕದಲುವುದಿಲ್ಲ.

ಬ್ಯಾಟರಿ ತರುವ ಮುಂಚೆ ಕಂಟ್ರೋಲರ್ (ಬ್ಯಾಟರಿಯಿಂದ ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಡಬ್ಬಿ) ಬಿಚ್ಚಿ ನೋಡಿದೆ. ಒಳಗಿನ ದಪ್ಪ ಕೆಪಾಸಿಟರ್ ಮೇಲೆ ಅದು ತಡೆಯುವ ಮಿತಿ 50 ವೋಲ್ಟ್ ಅಂತ ಅಚ್ಚಾಗಿತ್ತು. ಅದಕ್ಕೆ 54.6 ಕೊಟ್ಟರೆ ಢಮಾರ್. 63 ವೋಲ್ಟಿನ ಕೆಪಾಸಿಟರ್ ಇರುವ ಬೇರೆ ಕಂಟ್ರೋಲರ್ ಹಾಕಿಸಿದೆ.

ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಎಳೆತದಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಬರೋದು ಆಂಪ್‌ನಿಂದ (ಹರಿಯುವ ಕರೆಂಟಿನ ಅಳತೆ), ಮೋಟರಿಗೆ ಎಷ್ಟು ಆಂಪ್ ಹೋಗಬೇಕು ಅನ್ನೋದು ಕಂಟ್ರೋಲರ್ ಕೈಲಿ. ವೋಲ್ಟ್ ಹೆಚ್ಚಿದ್ದರೆ ಆ ಎಳೆತ ಇನ್ನೊಂದಷ್ಟು ವೇಗದವರೆಗೂ ಉಳಿಯುತ್ತೆ, ಅಷ್ಟೆ. ಎಳೆತ ಆಂಪ್‌ನದ್ದು ಅನ್ನೋದು ಚಾಮುಂಡಿ ಬೆಟ್ಟದಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಪೆಡಲ್ ತುಳಿಯದೆ ಬರೀ ಥ್ರಾಟಲ್ ಹಿಂಡಿದರೆ ಏರಿನಲ್ಲಿ ವೇಗ ಕುಸಿಯುತ್ತೆ, ಆಂಪ್ ಏರುತ್ತೆ. ಆಂಪ್ ಎರಡರಷ್ಟಾದರೆ ಮೋಟರ್ ಸುರುಳಿಯ ಕಾವು ನಾಲ್ಕರಷ್ಟು. ತಿರುವಿನಲ್ಲಿ ನಿಲ್ಲಿಸಿ ಹಬ್ ಮುಟ್ಟಿದರೆ ಕೈ ಇಡೋಕಾಗಲ್ಲ, ಬಗ್ಗಿದರೆ ಕಾದ ವಾರ್ನಿಷ್ ವಾಸನೆ. ಅಷ್ಟೇ ಎಳೆತಕ್ಕೆ 48ರಲ್ಲೂ ಮೋಟರ್ ಅಷ್ಟೇ ಆಂಪ್ ಕುಡಿಯುತ್ತೆ. ಬೆಟ್ಟಕ್ಕೆ ಮದ್ದು ವೋಲ್ಟ್ ಅಲ್ಲ, ಪೆಡಲ್ ತುಳಿಯೋ ಕಾಲು.

48 ಹಾಕಿದರೆ ಮೈಲೇಜ್ ಜಾಸ್ತಿ ಅಂತಾರಲ್ಲ, ಅದು ಅರ್ಧ ನಿಜವೂ ಅಲ್ಲ. 300 ವ್ಯಾಟಿಗೆ 36ರಲ್ಲಿ 8.3 ಆಂಪ್ ಬೇಕು, 48ರಲ್ಲಿ 6.25. ಬ್ಯಾಟರಿಯಿಂದ ಕಂಟ್ರೋಲರ್‌ಗೆ ಬರುವ ವೈರಿನ ನಷ್ಟ ಹೆಚ್ಚುಕಮ್ಮಿ ಅರ್ಧವಾಗುತ್ತೆ ಸರಿ, ಆದರೆ ಆ ನಷ್ಟವೇ ಚಿಲ್ಲರೆ. ವೇಗದ ಮಿತಿ ತೆಗೆದು ಗಂಟೆಗೆ 33 ಕಿ.ಮೀ.ನಲ್ಲಿ ಓಡಿಸಿದರೆ ಗಾಳಿ ಸೀಳೋಕೆ ಬೇಕಾಗುವ ಪವರ್ 25 ಕಿ.ಮೀ.ನಲ್ಲಿ ಬೇಕಾದ್ದರ ಎರಡರಷ್ಟಕ್ಕಿಂತ ಹೆಚ್ಚು. ಎಷ್ಟು ದೂರ ಹೋಗಬಹುದು ಅಂತ ನೋಡೋಕೆ ವೋಲ್ಟನ್ನು ಪ್ಯಾಕಿನ ಮೇಲೆ ಬರೆದ ಆಂಪ್-ಅವರ್‌ನಿಂದ ಗುಣಿಸಿ, ಬರೋ ವ್ಯಾಟ್-ಅವರ್ ಅದರಲ್ಲಿರುವ ಒಟ್ಟು ಶಕ್ತಿ: 36 ವೋಲ್ಟಿನ 13 ಆಂಪ್-ಅವರ್ ಪ್ಯಾಕ್ 468 ವ್ಯಾಟ್-ಅವರ್, 48ರ 10 ಆಂಪ್-ಅವರ್ ಪ್ಯಾಕ್ 480. ಎರಡೂ ಒಂದೇ ಅನ್ನಿ.

ಚಾರ್ಜರ್ ಕೂಡ ಬೇರೆಯದೇ ಬೇಕು. 42 ವೋಲ್ಟಿನದು ಹೊಸ ಪ್ಯಾಕನ್ನು ತುಂಬಿಸಲ್ಲ, 54.6ರದ್ದನ್ನು ಹಳೇ ಪ್ಯಾಕಿಗೆ ಚುಚ್ಚಿದರೆ ಅಪಾಯ. ಎರಡರ ಪಿನ್ನೂ ಒಂದೇ ಥರ ಇರೋದರಿಂದ ಹೊಸದಕ್ಕೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ.